ಆನೆಯೂ ಅಂಕುಶವೂ

ಕಳೆದ ವರ್ಷ ನಮ್ಮ ಇತಿಹಾಸ ಸಂಘದ ಆಶ್ರಯದಲ್ಲಿ ಹೊಯ್ಸಳ ಶಿಲ್ಪವನ್ನು ಕುರಿತು ಒಂದು ವಿಶೇಷ ಉಪನ್ಯಾಸ ಏರ್ಪಾಡಾಗಿತ್ತು. ಅತಿಥಿಗಳು ಬಂದರು, ಸಭಾಂಗಣ ತುಂಬಿತು, ಪ್ರಾರ್ಥನೆಯೂ ಸ್ವಾಗತವೂ ಮುಗಿದವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ನೂರಾರು ಚಿತ್ರಗಳನ್ನು ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ತಂದಿದ್ದರು. ಆದರೆ ಚಾವಣಿಯಿಂದ ತೂಗುಬಿಟ್ಟಿದ್ದ ಪ್ರೊಜೆಕ್ಟರ್ ಮಾತ್ರ ಕಣ್ಣು ತೆರೆಯಲಿಲ್ಲ. ಅದರ ರಿಮೋಟು ಕಾಣೆಯಾಗಿತ್ತು. ಅಟೆಂಡರು ಬೆಂಚಿನ ಮೇಲೆ ಕುರ್ಚಿಯಿಟ್ಟು ಹತ್ತಿದರು, ಕೈಗೆ ಎಟುಕಲಿಲ್ಲ. ಜೇಡರಬಲೆ ತೆಗೆಯುವ ಕೋಲು ಬಂತು. ಕೋಲಿನ ತುದಿಗೆ ಹೇಗೋ ಗುಂಡಿ ಸಿಕ್ಕಿತು, ದೀಪವೂ ಹತ್ತಿತು; ಆದರೆ ಯಂತ್ರವು ಲ್ಯಾಪ್‌ಟಾಪಿನ ತಂತಿಯನ್ನು ಬಿಟ್ಟು ಬೇರಾವುದೋ ತಂತಿಯ ಕಡೆಗೆ ಮುಖಮಾಡಿ ಕುಳಿತಿತ್ತು. ಪರದೆಯ ಮೇಲೆ ಮದನಿಕೆಯರ ಬದಲು ಬರಿಯ ನೀಲಿ ಬಯಲು!

ಅರ್ಧ ಗಂಟೆ ಹೀಗೆಯೇ ಕಳೆಯಿತು. ವೇದಿಕೆಯ ಮೇಲಿದ್ದವರ ಕೈಯಲ್ಲಿ ಬೆಲೆಬಾಳುವ ಮೊಬೈಲುಗಳಿದ್ದವು. ಅವುಗಳಿಂದ ಅಮೆರಿಕಕ್ಕೆ ಮಾತನಾಡಬಹುದಾಗಿತ್ತು, ಆದರೆ ಹನ್ನೆರಡು ಅಡಿ ಮೇಲಿದ್ದ ಪೆಟ್ಟಿಗೆಯೊಡನೆ ಮಾತನಾಡಲು ಒಂದಕ್ಕೂ ಬರುತ್ತಿರಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ಬಂದಳು. ಅವಳ ಮೊಬೈಲು ಅಗ್ಗದ್ದು. ಗಾಜಿನ ಮೂಲೆ ಸೀಳಿತ್ತು. ಅದರ ನೆತ್ತಿಯನ್ನು ಪ್ರೊಜೆಕ್ಟರಿನತ್ತ ತಿರುಗಿಸಿ ಬೆರಳನ್ನು ಮೂರು ಬಾರಿ ಒತ್ತಿದಳು. ದರ್ಪಣ ಹಿಡಿದ ಮದನಿಕೆ ಪರದೆಯ ಮೇಲೆ ಮೂಡಿದಳು. ಸಭೆ ಚಪ್ಪಾಳೆ ತಟ್ಟಿತು.

"ಆನೆ ಕೊಟ್ಟು ಅಂಕುಶಕ್ಕೆ ಜಗಳ" ಎಂಬ ಗಾದೆ ಆಗ ನನ್ನ ನೆನಪಿಗೆ ಬಂತು. ಸಾವಿರಗಟ್ಟಲೆ ರೂಪಾಯಿ ಕೊಟ್ಟು ಪ್ರೊಜೆಕ್ಟರ್ ಎಂಬ ಆನೆಯನ್ನು ತರುತ್ತೇವೆ. ಅಂಕುಶ ಕಳೆದುಹೋದರೆ ಆನೆಯ ಮುಂದೆ ಕೈಕಟ್ಟಿ ನಿಲ್ಲುತ್ತೇವೆ. ಹಾಗಾದರೆ ಎಲ್ಲರ ಜೇಬಿನಲ್ಲಿಯೂ ಇರುವ ಮೊಬೈಲಿನಲ್ಲಿ ಈ ಅಂಕುಶವೂ ಇರಬೇಕೆ, ಬೇಡವೆ? ಇರಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿದ್ಯಾರ್ಥಿಮಿತ್ರರ ಮತ್ತು ಅಧ್ಯಾಪಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಆ ಹುಡುಗಿಯ ಮೊಬೈಲಿನಲ್ಲಿ ಇದ್ದುದೇನು ಎಂಬುದನ್ನು ನೋಡೋಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣದ ಶಾಖವನ್ನು ಉಷ್ಣಮಾಪಕದಿಂದ ಅಳೆಯುತ್ತಿದ್ದನು. ಕೆಂಪಿನಾಚೆ, ಏನೂ ಕಾಣದ ಸ್ಥಳದಲ್ಲಿಟ್ಟಾಗಲೂ ಉಷ್ಣಮಾಪಕದ ರಸ ಏರಿತು. ಕಣ್ಣಿಗೆ ಕಾಣದ ಆ ಬೆಳಕೇ ಅವಗೆಂಪು ಕಿರಣ. ನಮ್ಮ ಮನೆಯ ರಿಮೋಟಿನ ತುದಿಯಲ್ಲಿರುವ ಸಾಸಿವೆಯಷ್ಟು ದೊಡ್ಡ ದೀಪವು ಸೂಸುವುದೂ ಇದನ್ನೇ. ಗುಂಡಿ ಒತ್ತಿದಾಗ ಆ ದೀಪ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗುತ್ತದೆ. ಆ ಮಿನುಗನ್ನೇ ಬಿಟ್ಟು ಬಿಟ್ಟು ಕಳಿಸಿ ಸಂಕೇತ ಕಟ್ಟುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ 32 ಅಂಕಗಳಿರುತ್ತವೆ: ಯಾವ ಯಂತ್ರಕ್ಕೆ ಈ ಆಜ್ಞೆ, ಆಜ್ಞೆ ಏನು ಎಂಬ ಎರಡು ಸಂಗತಿಗಳು, ಪ್ರತಿಯೊಂದೂ ಒಮ್ಮೆ ನೇರವಾಗಿ, ಇನ್ನೊಮ್ಮೆ ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆಯಾಗಿ. ಎರಡೂ ತಾಳೆಯಾದರೆ ಮಾತ್ರ ಯಂತ್ರವು ಆಜ್ಞೆಯನ್ನು ಒಪ್ಪುತ್ತದೆ. ತಂತಿ ಕಚೇರಿಯ ಕಟ್ಟ-ಕಡ ಭಾಷೆ ನಮ್ಮ ದೇಶದಲ್ಲಿ ಮೌನವಾಗಿದೆ. ಅದರ ತಂಗಿಯೊಬ್ಬಳು ರಿಮೋಟಿನೊಳಗೆ ಇನ್ನೂ ಬದುಕಿದ್ದಾಳೆ ಎನ್ನಬಹುದು. ನಂಬಿಕೆಯಾಗದವರು ರಿಮೋಟಿನ ತುದಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿ ನೋಡಲಿ. ಅನೇಕ ಮೊಬೈಲುಗಳ ಪರದೆಯಲ್ಲಿ ಆ ದೀಪ ನಸುನೇರಳೆಯಾಗಿ ಮಿನುಗುವುದು ಕಾಣುತ್ತದೆ.

ಈ ಸರಳತೆ ಒಂದೇ ದಿನ ಸಿದ್ಧಿಸಿದ್ದಲ್ಲ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯವರು ಬ್ಯಾಟರಿ ದೀಪದಂತಹ ಸಾಧನದಿಂದ ಟೆಲಿವಿಷನ್ನಿನ ನಾಲ್ಕು ಮೂಲೆಗಳಿಗೆ ಬೆಳಕು ಬಿಟ್ಟು ಅದನ್ನು ಆಳುವ ಉಪಾಯ ಮಾಡಿದರು. ಕಿಟಕಿಯಿಂದ ಬಿಸಿಲು ಬಿದ್ದರೂ ಟೆಲಿವಿಷನ್ ಅದನ್ನು ಯಜಮಾನನ ಅಪ್ಪಣೆಯೆಂದೇ ತಿಳಿಯುತ್ತಿತ್ತು! ಮರುವರ್ಷ ಅವರೇ, ಪುಟ್ಟ ಸುತ್ತಿಗೆಯಿಂದ ಅಲ್ಯೂಮಿನಿಯಂ ಸರಳುಗಳನ್ನು ಬಡಿದು, ಕಿವಿಗೆ ಕೇಳದ ಸದ್ದಿನಿಂದ ಕೆಲಸ ಮಾಡಿಸಿದರು. ಅದಕ್ಕೆ ಬ್ಯಾಟರಿಯೂ ಬೇಕಿರಲಿಲ್ಲ. ಇವೆಲ್ಲದರ ಅನಂತರ ಬಂದುದು ಅವಗೆಂಪು. ಅಗ್ಗ, ನಂಬಿಕಸ್ತ, ಗೋಡೆಯನ್ನು ದಾಟಿ ಪಕ್ಕದ ಮನೆಗೆ ತೊಂದರೆ ಕೊಡುವುದಿಲ್ಲ. ಆದ್ದರಿಂದಲೇ ಅದು ಲೋಕವನ್ನೆಲ್ಲ ವ್ಯಾಪಿಸಿತು.

ಮೊಬೈಲುಗಳಿಗೂ ಅದು ಬಂತು. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್-4, ಎಚ್‌ಟಿಸಿ ಒನ್ ಮುಂತಾದ ಹೆಸರುವಾಸಿ ಮೊಬೈಲುಗಳು ಈ ದೀಪವನ್ನು ಹೊತ್ತು ಬಂದವು. ಅದೇ ವರ್ಷ ಆಂಡ್ರಾಯ್ಡ್ ವ್ಯವಸ್ಥೆಯೂ ಈ ದೀಪವನ್ನು ಯಾವ ತಂತ್ರಾಂಶ ಬರೆಯುವವನಾದರೂ ಬಳಸಬಹುದಾದ ದಾರಿಯನ್ನು ತೆರೆಯಿತು. ಆದರೆ ಮೂರು ವರ್ಷದೊಳಗೆ ಗಾಳಿ ಬದಲಾಯಿತು. 2016ರ ಎಸ್-7ರಲ್ಲಿ ದೀಪ ಮಾಯವಾಗಿತ್ತು. ಐಫೋನ್ ಅಂತೂ ಇದನ್ನು ಎಂದೂ ಕೊಡಲೇ ಇಲ್ಲ. ಶಿಯೋಮಿಯಂತಹ ಕೆಲವರು ಮಾತ್ರ ತಮ್ಮ ಕಡಿಮೆ ಬೆಲೆಯ ಮೊಬೈಲುಗಳಲ್ಲಿಯೂ ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಇದರಲ್ಲಿ ಒಂದು ವಿನೋದವಿದೆ. 2017ರ ಐಫೋನ್ ಎಕ್ಸ್ ತನ್ನ ಒಡೆಯನ ಮುಖದ ಮೇಲೆ 30,000ಕ್ಕೂ ಹೆಚ್ಚು ಅವಗೆಂಪು ಚುಕ್ಕೆಗಳನ್ನು ಚೆಲ್ಲಿ ಅವನ ಗುರುತು ಹಿಡಿಯುತ್ತದೆ. ಒಡೆಯನ ಮುಖ ನೋಡಲು ಅವಗೆಂಪು ಬೆಳಕುಂಟು. ಒಡೆಯನ ಮನೆಯ ಫ್ಯಾನು ತಿರುಗಿಸಲು ಇಲ್ಲ!

ಬೇಡವೆನ್ನುವವರ ವಾದವನ್ನು ಈಗ ಕೇಳೋಣ. "ಇದು ಹಳೆಯ ಕಾಲದ ಪದ್ಧತಿ. ಇನ್ನು ಮುಂದೆ ಎಲ್ಲ ಯಂತ್ರಗಳೂ ವೈ-ಫೈ, ಬ್ಲೂಟೂತ್‌ಗಳ ಮೂಲಕವೇ ನಡೆಯುತ್ತವೆ" ಎಂದು ಅವರು ಹೇಳುತ್ತಾರೆ. ಇದರಲ್ಲಿ ನಿಜವಿಲ್ಲದಿಲ್ಲ. ಟೆಲಿವಿಷನ್ನಿಗೆ ಸಿಕ್ಕಿಸುವ ಕೆಲವು ಹೊಸ ಸಾಧನಗಳಿಗೆ ಅವಗೆಂಪಿನ ಭಾಷೆ ತಿಳಿಯುವುದೇ ಇಲ್ಲ. ಆದರೆ ಮೊಬೈಲಿನ ಆಯುಸ್ಸು ಮೂರು ನಾಲ್ಕು ವರ್ಷ. ಗೋಡೆಯ ಮೇಲಿನ ಏ.ಸಿ. ಯಂತ್ರದ, ಚಾವಣಿಯ ಪ್ರೊಜೆಕ್ಟರಿನ ಆಯುಸ್ಸು ಅದರ ಎರಡರಷ್ಟು, ಮೂರರಷ್ಟು. ಸರಕಾರಿ ಕಾಲೇಜಿನಲ್ಲಿಯಂತೂ ಕೇಳುವುದೇ ಬೇಡ. ಈಗ ಮನೆಮನೆಗೂ ಬರುತ್ತಿರುವ, ವಿದ್ಯುತ್ತನ್ನು ಉಳಿಸುವ ಬಿ.ಎಲ್.ಡಿ.ಸಿ. ಫ್ಯಾನುಗಳನ್ನೂ ರಿಮೋಟಿನಿಂದಲೇ ತಿರುಗಿಸುತ್ತೇವೆ. ಅವುಗಳಲ್ಲಿ ಅನೇಕವು ಅವಗೆಂಪನ್ನೇ ನಂಬಿವೆ. ಸಾಯದವನನ್ನು ಸತ್ತನೆಂದು ಸಾರುವುದು ನ್ಯಾಯವಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ವೈ-ಫೈ ಮೂಲಕ ಫ್ಯಾನು ತಿರುಗಿಸಬೇಕಾದರೆ ಬಹುಮಟ್ಟಿಗೆ ಕಂಪನಿಯಲ್ಲಿ ಹೆಸರು ನೋಂದಾಯಿಸಬೇಕು, ಗುಟ್ಟಿನ ಪದ ಕೊಡಬೇಕು, ಇಂಟರ್‌ನೆಟ್ ಇರಬೇಕು. ನನ್ನ ಆಜ್ಞೆಯು ನನ್ನ ಕೋಣೆಯಿಂದ ಹೊರಟು, ದೂರದ ಊರಿನ ಯಾವುದೋ ಯಂತ್ರವನ್ನು ಮುಟ್ಟಿ, ಅದರ ಅನುಮತಿ ಪಡೆದು, ಮತ್ತೆ ನನ್ನ ಕೋಣೆಗೆ ಬರಬೇಕು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ? ಆ ದೂರದ ಯಂತ್ರವನ್ನು ಅವರು ನಿಲ್ಲಿಸಿಬಿಟ್ಟರೆ? ಅಮೆರಿಕದಲ್ಲಿ ರಿವಾಲ್ವ್ ಎಂಬ, ಮನೆಯ ಯಂತ್ರಗಳನ್ನೆಲ್ಲ ಆಳುವ 300 ಡಾಲರಿನ ಪೆಟ್ಟಿಗೆಯೊಂದಿತ್ತು. ಆ ಕಂಪನಿಯನ್ನು ಕೊಂಡುಕೊಂಡ ನೆಸ್ಟ್ ಎಂಬ ಕಂಪನಿಯವರು 2016ರ ಮೇ ತಿಂಗಳಿನಲ್ಲಿ ಅದರ ಸೇವೆಯನ್ನು ನಿಲ್ಲಿಸಿದರು. ಕೆಡದೆ ಇದ್ದ ಪೆಟ್ಟಿಗೆಗಳು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದವಾದವು. ಅವಗೆಂಪಿನ ದೀಪಕ್ಕೆ ಇಂತಹ ಯಜಮಾನರಿಲ್ಲ. ಅದು ಯಾರ ಹೆಸರನ್ನೂ ಕೇಳುವುದಿಲ್ಲ, ಯಾರಿಗೂ ಚಾಡಿ ಹೇಳುವುದಿಲ್ಲ. ವಸ್ತುವನ್ನು ಕೊಂಡವನೇ ಅದರ ಒಡೆಯನಾಗಿರಬೇಕು ಎಂಬುದು ನನ್ನ ವಾದದ ತಿರುಳು.

"ಕಿಡಿಗೇಡಿತನಕ್ಕೆ ಅವಕಾಶವಾಗುತ್ತದೆ" ಎಂಬುದು ಎರಡನೆಯ ಆಕ್ಷೇಪಣೆ. ಇದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ಟೆಲಿವಿಷನ್ ಆರಿಹೋದದ್ದು ವಿದ್ಯುತ್ತಿನ ದೋಷದಿಂದಲ್ಲವೆಂಬುದನ್ನು ಬಲ್ಲವರು ಬಲ್ಲರು. ಆದರೆ ಅವಗೆಂಪು ಕಿರಣವು ಗೋಡೆಯ ಮರೆಯಿಂದ ಬರಲಾರದು. ಕುಚೋದ್ಯ ಮಾಡುವವನು ಅದೇ ಕೋಣೆಯಲ್ಲಿ, ಕೈಚಾಚಿ, ಎಲ್ಲರ ಕಣ್ಣೆದುರಿಗೇ ಇರಬೇಕು. ಅಂದು ಅವನು ಸಿಕ್ಕಿಬಿದ್ದದ್ದೂ ಹಾಗೆಯೇ.

ಮೂರನೆಯ ಆಕ್ಷೇಪಣೆಯೇ ನಿಜವಾಗಿ ಗಟ್ಟಿಯಾದದ್ದು. ರಿಮೋಟು ಮನೆಯ ಸೊತ್ತು, ಮೊಬೈಲು ಒಬ್ಬನ ಸೊತ್ತು. ಮಗನು ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಹೊರಟರೆ, ಮನೆಯಲ್ಲಿರುವ ತಾಯಿ ಫ್ಯಾನನ್ನು ಹೇಗೆ ತಿರುಗಿಸಬೇಕು? ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ರಿಮೋಟನ್ನು ತೆಗೆದುಹಾಕಿ ಮೊಬೈಲನ್ನು ಅದರ ಪೀಠದಲ್ಲಿ ಕೂರಿಸಬೇಕೆಂಬುದು ನನ್ನ ಮತವಲ್ಲ. ಬೀಗದ ಕೈ ಮನೆಯಲ್ಲಿಯೇ ಇರಲಿ. ಮೊಬೈಲು ಬದಲಿ ಕೀಲಿಕೈಯಾಗಿರಲಿ. ಬದಲಿ ಕೀಲಿಕೈಯ ಬೆಲೆ ತಿಳಿಯುವುದು ಬಾಗಿಲ ಮುಂದೆ ನಿಂತ ದಿನವೇ.

ಇದರ ಕೊರತೆಗಳನ್ನೂ ಮುಚ್ಚಿಡಬಾರದು. ಇದು ಒಮ್ಮುಖದ ಮಾತು. ಯಂತ್ರ ಕೇಳಿಸಿಕೊಂಡಿತೆ ಇಲ್ಲವೆ ಎಂಬುದು ಮೊಬೈಲಿಗೆ ತಿಳಿಯದು. ಈಗ ಸಿಕ್ಕುವ ಬಹುಪಾಲು ಮೊಬೈಲುಗಳಿಗೆ ಬಾಯಿಯುಂಟು, ಕಿವಿಯಿಲ್ಲ. ಹಳೆಯ ರಿಮೋಟನ್ನು ಎದುರಿಗಿಟ್ಟು "ಇದನ್ನು ಕಲಿ" ಎಂದರೆ ಕಲಿಯಲಾರವು. ಪಟ್ಟಿಯಲ್ಲಿ ನಮ್ಮ ಯಂತ್ರದ ಹೆಸರಿಲ್ಲದಿದ್ದರೆ ಸುಮ್ಮನಿರಬೇಕು. ಇಷ್ಟು ಸಣ್ಣ ಕೆಲಸಕ್ಕೆ ಜಾಹೀರಾತುಗಳನ್ನು ತೋರಿಸಿ, ಬೇಡದ ಅನುಮತಿಗಳನ್ನು ಬೇಡುವ ತಂತ್ರಾಂಶಗಳೂ ಇವೆ. ದೀಪ ಕೊಟ್ಟರೆ ಸಾಲದು. ಕಲಿಯುವ ಕಣ್ಣನ್ನೂ ಕೊಡಬೇಕು, ತಂತ್ರಾಂಶವೂ ಶುದ್ಧವಾಗಿರಬೇಕು.

ಇಷ್ಟೊಂದು ಆಸ್ಥೆ ಏಕೆ ಎಂದು ಕೇಳಿದರೆ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ. ನಮ್ಮ ಅಜ್ಜಿಗೆ 78 ವರ್ಷ. ಕಣ್ಣಿನ ಪೊರೆ ತೆಗೆಸಿದೆ. ಹಗಲೆಲ್ಲ ಮನೆಯಲ್ಲಿ ಅವರೊಬ್ಬರೇ, ಟೆಲಿವಿಷನ್ನೇ ಸಂಗಾತಿ. ನಲವತ್ತು ಗುಂಡಿಗಳ ರಿಮೋಟು, ಅದರ ಮೇಲೆ ಇಂಗ್ಲಿಷ್ ಅಕ್ಷರಗಳು, ಅವೂ ಅರ್ಧ ಅಳಿಸಿದವು. ಎಲ್ಲಿಯೋ ಬೆರಳು ತಾಗಿ, ನಮ್ಮ ಸಭಾಂಗಣದಲ್ಲಿ ಕಂಡ ಆ ನೀಲಿ ಬಯಲೇ ಅವರ ಎದುರಿಗೂ ಬರುತ್ತಿತ್ತು. ನಾನು ಸಂಜೆ ಬರುವವರೆಗೂ ಅವರು ಅದರ ಮುಂದೆಯೇ ಕುಳಿತಿರುತ್ತಿದ್ದರು. "ಏಕೆ ಅಜ್ಜಿ, ಪಕ್ಕದ ಮನೆಯವರನ್ನು ಕರೆಯಬಾರದಾಗಿತ್ತೆ?" ಎಂದರೆ, "ದಿನಾ ಯಾರನ್ನು ಕರೆಯೋದಪ್ಪಾ" ಎನ್ನುತ್ತಿದ್ದರು. ನನ್ನ ಚಿಕ್ಕಪ್ಪನ ಮಗ ಅವರ ಮೊಬೈಲಿನಲ್ಲಿ ಐದೇ ಗುಂಡಿಗಳ ಒಂದು ಪರದೆಯನ್ನು ಮಾಡಿಕೊಟ್ಟ. ಬೆರಳಗಲದ ಕನ್ನಡ ಅಕ್ಷರಗಳು: ಹಚ್ಚು, ಆರಿಸು, ಸದ್ದು ಹೆಚ್ಚು, ಸದ್ದು ಕಡಿಮೆ, ಸರಿಮಾಡು. ಕೊನೆಯದನ್ನು ಒತ್ತಿದರೆ ನೀಲಿ ಬಯಲು ಹೋಗಿ ಚಿತ್ರ ಮರಳುತ್ತದೆ. ಯಾವ ರಿಮೋಟು ತಯಾರಿಸುವವನೂ ನಮ್ಮ ಅಜ್ಜಿಗಾಗಿ ಕನ್ನಡದಲ್ಲಿ ಐದು ಗುಂಡಿಗಳನ್ನು ಮಾಡಲಾರ. ಸಾಸಿವೆಯಷ್ಟು ದೀಪವಿದ್ದ ಒಂದು ಮೊಬೈಲು ಮಾಡಿತು. ಈಗ ಅವರು ಯಾರ ದಾರಿಯನ್ನೂ ಕಾಯುವುದಿಲ್ಲ.

ಆದ್ದರಿಂದ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಇದಕ್ಕಾಗಿ ಕಾನೂನು ಬೇಕಿಲ್ಲ. ಕೊಳ್ಳುವವರು ಕೇಳಿದರೆ ಸಾಕು. ಮೊಬೈಲು ಕೊಳ್ಳಲು ಹೋದಾಗ ಕ್ಯಾಮೆರಾದ ಕಣ್ಣುಗಳನ್ನು ಎಣಿಸುವ ನಾವು, "ಐ.ಆರ್. ಇದೆಯೇ?" ಎಂದೂ ಒಂದು ಮಾತು ಕೇಳೋಣ. ಕೇಳುವವರಿಲ್ಲವೆಂದೇ ಅಂಗಡಿಯವನೂ ತಯಾರಿಸುವವನೂ ಅದನ್ನು ಬಿಟ್ಟಿದ್ದಾರೆ. ನಮ್ಮ ಕಾಲೇಜಿನ ಪ್ರತಿಯೊಂದು ಪ್ರೊಜೆಕ್ಟರಿನ ಹೆಸರನ್ನೂ ಮಾದರಿ ಸಂಖ್ಯೆಯನ್ನೂ ಬರೆದು ಕೋಣೆಯ ಗೋಡೆಗೆ ಅಂಟಿಸಿದರೆ, ಅಂಕುಶ ಕಳೆದ ದಿನ ಯಾರ ಮೊಬೈಲಾದರೂ ಒದಗೀತು. ಕೋಲು ಜೇಡರಬಲೆಯನ್ನೇ ತೆಗೆಯಲಿ.

ಮೊನ್ನೆ ಅಜ್ಜಿ ಕೇಳಿದರು: "ಈ ಫೋನು ಕೆಟ್ಟರೆ ಹೊಸದರಲ್ಲೂ 'ಸರಿಮಾಡು' ಇರುತ್ತದೇನೋ?" ಇರುತ್ತದೆ ಎಂದು ಹೇಳಿದ್ದೇನೆ. ಆ ಮಾತು ಸುಳ್ಳಾಗದಿರಲಿ ಎಂಬುದೇ ನನ್ನ ಆಸೆ.