ಟ್ರೇಲರಿನ ಬ್ರೇಕಿಗೆ ಮಾಡುವ ಖರ್ಚು ದಂಡವೇ?

ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲ, ಕಿತ್ತೂರು ಕಡೆ ಹೋಗಿಬಂದ ಬೆಳೆಗಾರ ಬಾಂಧವರು ಒಂದೇ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಎಳೆಯುವುದನ್ನು ನೋಡಿರಬಹುದು. ಭಾರತ ಹುಣ್ಣಿಮೆಗೆ ರಾಮದುರ್ಗದ ದಿಕ್ಕಿನಿಂದ ಹೆಂಗಸರು ಮಕ್ಕಳು ಅಂಥವೇ ಟ್ರೇಲರುಗಳಲ್ಲಿ ಕುಳಿತು ಸವದತ್ತಿಯ ಎಲ್ಲಮ್ಮನ ಗುಡ್ಡ ಏರುತ್ತಾರೆ, ಇಳಿಯಲೂ ಬೇಕಲ್ಲ! ಇವುಗಳಲ್ಲಿ ಎಷ್ಟೋ ಬ್ರೇಕೇ ಇಲ್ಲದವು. ಇದ್ದರೂ ಕೊಂಡ ಮೇಲೆ ಡ್ರಮ್ ಬಿಚ್ಚಿ ನೋಡದವು.

ಕಾಫಿ, ಅಡಿಕೆ ಹೇರುವ ನಮ್ಮ ಟ್ರೇಲರುಗಳ ಸ್ಥಿತಿಯೂ ಬೇರೆಯಲ್ಲ. ನಮ್ಮ ಇಳಿಜಾರುಗಳಂತೂ ಇನ್ನೂ ಕಡಿದಾದವು. ಸಾಮಾನ್ಯವಾಗಿ ಟ್ರ್ಯಾಕ್ಟರಿಗೆ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಇಳಿಜಾರಿನಲ್ಲಿ ಅದನ್ನು ತುಳಿದಾಗ ಬ್ರೇಕಿಲ್ಲದ ಟ್ರೇಲರಿನ ಭಾರವೆಲ್ಲ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸಬಲ್ಲದು. ಎಡ ಬಲ ಪೆಡಲುಗಳನ್ನು ಜೋಡಿಸುವ ಕೊಂಡಿಯನ್ನೂ ಹಾಕಿರದಿದ್ದರೆ ಕೇಳುವುದೇ ಬೇಡ.

ಖರ್ಚು ಹೆಚ್ಚು ಎನ್ನುತ್ತಾರೆ. ಹಂಗಾಮಿಗೆ ಮುಂಚೆ ಡ್ರಮ್ ಬಿಚ್ಚಿ ಸವೆದ ಲೈನರ್ ಬದಲಿಸುವುದು, ಗ್ರೀಸು ಸೋರಿ ಲೈನರಿಗೆ ತಾಗಿದ್ದರೆ ಹೊಸ ಸೀಲು ಹಾಕಿಸುವುದು, ಎರಡೂ ಗಾಲಿ ಸಮನಾಗಿ ಹಿಡಿಯುವಂತೆ ಹೊಂದಿಸುವುದು, ಇಷ್ಟಕ್ಕೆ ಒಂದು ಕ್ವಿಂಟಲ್ ಅಡಿಕೆಯ ಬೆಲೆಯೂ ಬೇಕಿಲ್ಲ. ನಿಜವಾಗಿ ಭಾರವಾಗುವುದು ಬ್ರೇಕೇ ಇಲ್ಲದ ಹಳೆಯ ಟ್ರೇಲರಿಗೆ ಹೊಸದಾಗಿ ಕೂಡಿಸುವ ಖರ್ಚು. ಸಣ್ಣ ಹಿಡುವಳಿದಾರನಿಗೆ ಅದು ಕಷ್ಟವೇ. ಆದ್ದರಿಂದ ಗೊಬ್ಬರಕ್ಕೆ ಸಾಲ ಕೊಡುವ ಸಹಕಾರ ಸಂಘಗಳು ಇದಕ್ಕೂ ಕೊಡಬೇಕು, ಕೊಯ್ಲಿಗೆ ಮೊದಲು ಒಂದು ದಿನ ಮೇಸ್ತ್ರಿಯನ್ನು ಸಂಘದ ಅಂಗಳಕ್ಕೇ ಕರೆಸಬೇಕು ಎಂಬುದು ನಮ್ಮ ಅಭಿಪ್ರಾಯ. ಸದಸ್ಯರು ಈ ವಿಷಯವನ್ನು ಮಹಾಸಭೆಯಲ್ಲಿ ಎತ್ತಲಿ.