ಮನೆಮಂದಿ ಮಲಗಿದ ಮೇಲೆ ಎಲೆಕ್ಟ್ರಿಕ್ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋದು ಈಗ ಅಂಥ ಕಷ್ಟದ ಮಾತಲ್ಲ. ಇಎಂಐ ಇದೆ, ಸೆಕೆಂಡ್ ಹ್ಯಾಂಡ್ ಇದೆ, ಕೊರಿಯರ್ ಹುಡುಗ ನಾಗಾವಿ ತನಕ ತಂದುಕೊಡ್ತಾನೆ. ಕಷ್ಟ ಶುರುವಾಗೋದು ಅದು ಮನೆಗೆ ಬಂದ ಮೇಲೆ. ಒಳಗೆ ಟೊಳ್ಳಿಲ್ಲದ ಮರದ ಹಲಗೆ ಅದು. ಆಂಪ್ ಇಲ್ಲದೆ ಬಾರಿಸಿದರೆ ತಂತಿಯ ಪಿಸುಮಾತಷ್ಟೇ ಕೇಳ್ತದೆ. ಆಂಪ್ ತಂದು ಹಚ್ಚಿದರೆ ಇಡೀ ಓಣಿಗೇ ಕೇಳ್ತದೆ. ನಡುವಿನ ದಾರಿ ಬೇಕು ಅನ್ನೋರಿಗೆ ಈ ವಾರದ ಅಂಕಣ.

ಗದಗ ಸೀಮೆಗೆ ಸಂಗೀತ ಹೊಸದಲ್ಲ. ಭೀಮಸೇನ ಜೋಶಿಯವರು ನಮ್ಮ ಜಿಲ್ಲೆಯವರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇಲ್ಲೇ ಇದೆ. ಹಾರ್ಮೋನಿಯಂ, ಪಿಟೀಲು ಎರಡೂ ಹೊರಗಿನಿಂದ ಬಂದು ನಮ್ಮವೇ ಆದವು. ಗಿಟಾರೂ ಹಾಗೆ ಬರಲಿ, ಬೇಡ ಅನ್ನೋರು ಯಾರೂ ಇಲ್ಲ. ಸಮಸ್ಯೆ ಜಾಗದ್ದು, ಹೊತ್ತಿನದ್ದು.

ನನ್ನ ಕಾಕಾನ ಮಗನ ಕಥೆಯೂ ಅದೇ. ಹಗಲು ಗದಗಿನಲ್ಲಿ ಕೆಲಸ, ರಾತ್ರಿ ನಾಗಾವಿಯ ಮನೆಯಲ್ಲಿ ಲಕ್ವಾ ಹೊಡೆದು ಮಲಗಿದ ಅಜ್ಜಿಯನ್ನ ನೋಡಿಕೊಳ್ಳೋ ಪಾಳಿ. ಗಿಟಾರಿಗೆ ಅವನಿಗೆ ಸಿಗೋದು ರಾತ್ರಿ ಹತ್ತರ ಮೇಲಿನ ಹೊತ್ತು ಮಾತ್ರ. ಒಂದಿನ ಬಂದು ಅಂದ: “ಅಕ್ಕಾ, ಇದನ್ನ ಮಾರಿಬಿಡ್ತೀನಿ. ಬಾರಿಸಿದ್ರ ಅಜ್ಜಿಗೆ ನಿದ್ದಿ ಇಲ್ಲ. ಸುಮ್ನ ಗ್ವಾಡಿಗೆ ತೂಗಹಾಕಿ ಏನ್ ಮಾಡೂದು?”

“ಲ್ಯಾಪ್‌ಟಾಪ್ ಐತೆಲ್ಲೋ ನಿನ್ನ ಹತ್ರ?” ಅಂದೆ.

“ಮೈಕ್ ತೂತಿಗೆ ಹಚ್ಚಿ ನೋಡೀನಿ. ಜೇನುಹುಳ ಹೊಕ್ಕಂಗ ಗುಂಯ್ ಅಂತೈತಿ.”

ಬಹಳ ಜನ ಕೈಬಿಡೋದು ಇಲ್ಲೇ. ಹಾಗಾಗಿ ಇಲ್ಲಿಂದಲೇ ಹಿಡಿಯೋಣ.

ಮೈಕ್ ತೂತು ಯಾಕೆ ಆಗಲ್ಲ?

ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. 1930ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಮಾರುಕಟ್ಟೆಗೆ ತಂದ ಗಿಟಾರಿನಿಂದ ಇವತ್ತಿನವರೆಗೂ ಮೂಲ ತತ್ವ ಅದೇ. ಅದರಿಂದ ಬರೋ ವಿದ್ಯುತ್ ಸಂಕೇತ ತೀರಾ ಬಡಕಲು.

ಸಣ್ಣ ಸೆಲೆಯ ಬಾವಿಗೆ ದೊಡ್ಡ ಪಂಪು ಇಟ್ಟರೆ ಏನಾಗ್ತದೆ? ನೀರು ತಳ ಕಾಣ್ತದೆ. ಹಾಗೇ ಇದು. ಪಿಕಪ್‌ಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು, ಅಂದರೆ ಬಹಳ ಕಡಿಮೆ ಎಳೆಯುವ ಪಂಪು. ಕಂಪ್ಯೂಟರಿನ ಮೈಕ್ ಅಥವಾ ಲೈನ್ ತೂತು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಳೀತದೆ. ದನಿಯ ಹೊಳಪು ಸತ್ತು, ಮಂಕು ಮತ್ತು ಗುಂಯ್ ಎರಡೇ ಉಳಿತಾವೆ.

ಪರಿಹಾರ ಆಡಿಯೋ ಇಂಟರ್‌ಫೇಸ್ ಅನ್ನೋ ಸಣ್ಣ ಡಬ್ಬಿ. ಒಂದು ಕಡೆ ಗಿಟಾರಿನ ದಪ್ಪ ಪಿನ್ನಿನ ಕೇಬಲ್, ಇನ್ನೊಂದು ಕಡೆ ಯುಎಸ್‌ಬಿ. ಕೊಳ್ಳುವಾಗ ಒಂದೇ ವಿಷಯ ನೋಡ್ರಿ: ಅದರ ಮೇಲೆ ‘ಇನ್‌ಸ್ಟ್’ ಅಥವಾ ‘ಹೈ-ಝೆಡ್’ ಅಂತ ಬರೆದ ತೂತೋ ಗುಂಡಿಯೋ ಇರಬೇಕು. ಒಂದೇ ಗಿಟಾರಿಗೆ ಎರಡು ಇನ್‌ಪುಟ್‌ನ ಸಾದಾ ಡಬ್ಬಿ ಧಾರಾಳ ಸಾಕು. ಎಂಟು ತೂತಿನದ್ದಕ್ಕೆ ಸಂಬಳ ಸುರೀಬೇಡಿ.

ಹಚ್ಚಿದ ಮೇಲೆ ಮಾಡೋದು

ಮೊದಲು ಗೇನ್. ನೀವು ಎಷ್ಟು ಜೋರಾಗಿ ಬಾರಿಸಬಲ್ಲಿರೋ ಅಷ್ಟು ಜೋರಾಗಿ ಬಾರಿಸಿ. ಮೀಟರಿನ ಮುಳ್ಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ, ಕೆಂಪು ದೀಪ ಒಮ್ಮೆಯೂ ಹತ್ತಬಾರದು. ಆಂಪ್‌ನಲ್ಲಿ ದನಿ ಒಡೆದರೆ ರಾಕ್ ಸಂಗೀತ. ಇಂಟರ್‌ಫೇಸ್‌ನಲ್ಲಿ ಒಡೆದರೆ ಬರೀ ಚರಚರ.

ಎರಡನೆಯದು ಡ್ರೈವರ್. ವಿಂಡೋಸ್ ಇದ್ದರೆ ಡಬ್ಬಿಯ ಕಂಪನಿ ಕೊಡೋ ‘ಏಸಿಯೋ’ ಡ್ರೈವರ್ ಹಾಕಿಕೊಳ್ಳಿ. ಕಂಪನಿಯದ್ದು ಇಲ್ಲದಿದ್ದರೆ ‘ಏಸಿಯೋ ಫೋರ್ ಆಲ್’ ಅನ್ನೋದು ಉಚಿತವಾಗಿ ಸಿಗ್ತದೆ. ಮ್ಯಾಕ್‌ನಲ್ಲಿ ಈ ತಲೆನೋವು ಕಮ್ಮಿ.

ಮೂರನೆಯದು ಬಫರ್, ಮುಖ್ಯವಾದದ್ದೂ ಇದೇ. ಕಂಪ್ಯೂಟರ್ ದನಿಯನ್ನ ಸೆಕೆಂಡಿಗೆ 48,000 ತುಣುಕು ಮಾಡಿ, ಬೊಗಸೆ ಬೊಗಸೆಯಾಗಿ ತಗೊಂಡು ಕೆಲಸ ಮಾಡ್ತದೆ. ಬೊಗಸೆ 512 ತುಣುಕಿನದಾದರೆ ಅದು ತುಂಬಲಿಕ್ಕೇ 10.7 ಮಿಲಿಸೆಕೆಂಡ್. 128 ಆದರೆ 2.7. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ, ಡಬ್ಬಿಯ ಸ್ವಂತದ್ದು ಒಂದಿಷ್ಟು, ಎಲ್ಲಾ ಕೂಡಿಸಿಕೊಳ್ಳಿ. ಗಾಳಿಯಲ್ಲಿ ದನಿ ಒಂದು ಮೀಟರ್ ಬರಲಿಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಒಟ್ಟು 10 ಮಿಲಿಸೆಕೆಂಡ್ ತಡ ಅಂದರೆ ಆಂಪ್ ಮೂರೂವರೆ ಮೀಟರ್ ದೂರ ಇಟ್ಟಂಗೆ. ಕೈಗೆ ಗೊತ್ತೂ ಆಗಲ್ಲ. 128ರಿಂದ ಶುರು ಮಾಡಿ, ದನಿ ಟಪಟಪ ಕಡೀಲಿಕ್ಕತ್ತಿದರೆ 256ಕ್ಕೆ ಏರಿಸಿ.

ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಅದರ ತಡ ಎಷ್ಟೋ ಸಲ 100 ಮಿಲಿಸೆಕೆಂಡ್ ದಾಟ್ತದೆ. ನೀವು ಬಾರಿಸಿದ್ದು ಇವತ್ತಾದರೆ ಕೇಳೋದು ನಾಳೆ ಅನ್ನಿಸ್ತದೆ. ವೈರಿಂದು, ನೇರ ಇಂಟರ್‌ಫೇಸಿಗೇ ಹಚ್ಚಿ. ಡಬ್ಬಿಯ ಮೇಲಿನ ‘ಡೈರೆಕ್ಟ್ ಮಾನಿಟರ್’ ಗುಂಡಿ ಆಫ್ ಇರಲಿ. ಇಲ್ಲದಿದ್ದರೆ ಬೋಳು ದನಿ, ಆಂಪ್ ದನಿ ಎರಡೂ ಒಟ್ಟಿಗೆ ಕೇಳ್ತಾವೆ.

ಆಂಪ್ ಎಲ್ಲಿದೆ?

ಕಂಪ್ಯೂಟರಿನೊಳಗೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್ ಎರಡಕ್ಕೂ ಉಚಿತ ಆವೃತ್ತಿ ಇದೆ. ‘ನ್ಯೂರಲ್ ಆಂಪ್ ಮಾಡೆಲರ್’ ಅಂತ ಇನ್ನೊಂದಿದೆ, ಪೂರ್ತಿ ಉಚಿತ, ಅದರ ಕೋಡ್ ಕೂಡ ಮುಕ್ತ. ನಿಜವಾದ ಆಂಪ್ ಒಂದರೊಳಗೆ ಪರೀಕ್ಷೆಯ ದನಿ ಹಾಯಿಸಿ, ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು ಅಂತ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸ್ತಾರೆ. ಹಾಗೆ ಕಲಿತ ಫೈಲನ್ನ ನಾವು ಇಳಿಸಿಕೊಂಡು ಬಾರಿಸೋದು. ಎಲ್ಲೋ ಒಬ್ಬರ ಕೋಣೆಯಲ್ಲಿರೋ ದುಬಾರಿ ಆಂಪಿನ ಸ್ವಭಾವ ನಾಗಾವಿಗೆ ಬರ್ತದೆ.

ಇಲ್ಲೊಂದು ಎಚ್ಚರ. ಅಂಥ ಬಹಳ ಫೈಲುಗಳಲ್ಲಿ ಆಂಪ್ ಮಾತ್ರ ಇರ್ತದೆ, ಸ್ಪೀಕರ್ ಪೆಟ್ಟಿಗೆ ಇರಲ್ಲ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಕೀರಲು ದನಿಯನ್ನ ತಾನೇ ಸೋಸಿಬಿಡ್ತದೆ. ಆ ಜರಡಿ ಇಲ್ಲದಿದ್ದರೆ ಕಿವಿಯೊಳಗೆ ಸೊಳ್ಳೆ ಹೊಕ್ಕಂಗೆ. ಅದಕ್ಕೇ ಆಂಪ್ ಆದ ಮೇಲೆ ‘ಕ್ಯಾಬಿನೆಟ್’ ಅಥವಾ ‘ಐಆರ್’ ಅನ್ನೋದನ್ನ ಹಾಕಲೇಬೇಕು. “ಸಾಫ್ಟ್‌ವೇರ್ ಆಂಪ್ ಚಂದಿಲ್ಲ” ಅನ್ನೋರಲ್ಲಿ ಅರ್ಧ ಜನ ಇದನ್ನ ಹಾಕಿರಲ್ಲ ಅಂತ ನನ್ನ ಗುಮಾನಿ.

ಇನ್ನೂ ಗುಂಯ್ ಅಂದರೆ?

ನಮ್ಮ ಕರೆಂಟು 50 ಹರ್ಟ್ಸ್. ಪಿಕಪ್ ಅದನ್ನೂ ಹಿಡೀತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ನಡೆಸಿ ನೋಡಿ. ಗುಂಯ್ ನಿಂತರೆ ಕಳ್ಳ ಚಾರ್ಜರಿನ ಕಡೆ ಇದ್ದಾನೆ. ಅರ್ಥಿಂಗ್ ಸರಿ ಇರೋ ಮೂರು ಪಿನ್ನಿನ ಸಾಕೆಟ್ ಹುಡುಕಿ. ಅರ್ಥ್ ಪಿನ್ ಮುರಿದು ಹಚ್ಚೋ ಬುದ್ಧಿವಂತಿಕೆ ಮಾತ್ರ ಬೇಡ, ಅದು ಜೀವದ ಪ್ರಶ್ನೆ. ಆಗಲೂ ನಿಲ್ಲದಿದ್ದರೆ ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್‌ನಿಂದ ದೂರ ಕೂತು, ಗಿಟಾರನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ. ಒಂದೇ ಸುರುಳಿಯ ಪಿಕಪ್ ಇದ್ದರೆ ಸ್ವಲ್ಪ ಗುಂಯ್ ಇದ್ದೇ ಇರ್ತದೆ. ಎರಡು ಸುರುಳಿಯ ‘ಹಂಬಕರ್’ ಹುಟ್ಟಿದ್ದೇ ಅದನ್ನ ಅಡಗಿಸಲಿಕ್ಕೆ.

ಕಣ್ಣು ಕಾಣದವರು ಏನು ಮಾಡಬೇಕು?

ಗದಗಿನಲ್ಲಿ ಕೂತು ಈ ಮಾತು ಬಿಟ್ಟರೆ ತಪ್ಪಾದೀತು. ಅಂಧ ಮಕ್ಕಳು ಸಂಗೀತ ಕಲಿತು ದೊಡ್ಡವರಾದ ಊರಿದು. ಈ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಪರದೆ ಮೇಲೆ ಬರೀ ಗುಂಡಿಯ ಚಿತ್ರ ತೋರಿಸ್ತಾವೆ, ಸ್ಕ್ರೀನ್ ರೀಡರ್‌ಗೆ ಅದು ಗೋಡೆ ಇದ್ದಂಗೆ. ದಾರಿ ಇದೆ. ‘ರೀಪರ್’ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ‘ಒಸಾರಾ’ ಅನ್ನೋ ಉಚಿತ ಜೋಡಣೆ ಹಾಕಿ, ‘ಎನ್‌ವಿಡಿಎ’ ಸ್ಕ್ರೀನ್ ರೀಡರ್ ಜತೆ ನಡೆಸಿದರೆ, ಆಂಪಿನ ಗೇನ್, ಬಾಸ್, ಟ್ರೆಬಲ್ ಎಲ್ಲಾ ಪಟ್ಟಿಯಾಗಿ ಓದಿಸಿಕೊಂಡು ಕೀಬೋರ್ಡ್‌ನಿಂದಲೇ ಬದಲಿಸಬಹುದು. ರೀಪರ್‌ಗೆ 60 ದಿನದ ಪ್ರಯೋಗ ಅವಧಿ ಇದೆ, ಆಮೇಲೆ ಲೈಸೆನ್ಸ್ ಕೊಳ್ಳಬೇಕು. ಜಗತ್ತಿನ ಎಷ್ಟೋ ಅಂಧ ಸಂಗೀತಗಾರರು ಹೀಗೇ ಕೆಲಸ ಮಾಡ್ತಾರೆ. ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದರೆ ಒಂದು ಸಂಜೆ ಕೂತು ಹಾಕಿಕೊಡಿ.

ಒಂದು ಕಿವಿ ಮನೆಗೆ

ನಮ್ಮ ಹುಡುಗನಿಗೆ ಎಲ್ಲಾ ಹೊಂದಿಸಿದ ಮೇಲೂ ಒಂದು ತೊಡಕು ಉಳೀತು. ಹೆಡ್‌ಫೋನ್ ಹಾಕಿದರೆ ಅಜ್ಜಿ ನೀರು ಕೇಳಿದ್ದು ಕೇಳಿಸಬೇಕಲ್ಲ? ದನಿಯನ್ನ ಮೋನೋ ಮಾಡಿ ಎಡಗಿವಿಗಷ್ಟೇ ಬಿಟ್ಟೆವು. ಬಲಗಿವಿ ಅಜ್ಜಿಗೆ. ಗಿಟಾರ್ ಮಾರೋ ಮಾತು ಅಲ್ಲಿಗೆ ನಿಂತಿತು. ಅಜ್ಜಿ ಕರೆದಾಗ ಎದ್ದು ಹೋಗ್ತಾನೆ, ಬಂದು ಮತ್ತೆ ಅದೇ ಪಾಠ ಹಿಡೀತಾನೆ.

ಮಗು ಮಲಗಿಸಿದವರು, ಹಾಸಿಗೆ ಹಿಡಿದವರನ್ನ ನೋಡಿಕೊಳ್ಳೋರು, ಪಿಜಿಯಲ್ಲಿ ರೂಮ್‌ಮೇಟ್ ಜತೆ ಇರೋರು, ಎಲ್ಲರಿಗೂ ಇದೇ ಉಪಾಯ ನಡೀತದೆ. ದನಿ ಮಾತ್ರ ಕಮ್ಮಿಯಲ್ಲೇ ಇರಲಿ. ಆಂಪ್ ಓಣಿಯನ್ನ ಎಬ್ಬಿಸಿದರೆ ನಾಲ್ಕು ಜನ ಬೈದು ನಿಲ್ಲಿಸ್ತಾರೆ. ಹೆಡ್‌ಫೋನ್ ಕಿವಿ ಕೆಡಿಸಿದರೆ ಹೇಳೋರು ಯಾರೂ ಇರಲ್ಲ.

ಕೊಳ್ಳೋ ಕ್ರಮವೂ ಹೇಳಿಬಿಡ್ತೀನಿ: ಮೊದಲು ಇಂಟರ್‌ಫೇಸ್, ಆಮೇಲೆ ಒಳ್ಳೆ ಕೇಬಲ್, ಆಮೇಲೆ ವೈರಿನ ಹೆಡ್‌ಫೋನ್. ಸಾಫ್ಟ್‌ವೇರ್‌ಗೆ ಮೊದಲ ವರ್ಷ ಒಂದು ರೂಪಾಯಿಯೂ ಕೊಡಬೇಡಿ. ಒಂದೇ ಆಂಪ್, ಒಂದೇ ಕ್ಯಾಬಿನೆಟ್ ಆರಿಸಿಕೊಂಡು ಒಂದು ತಿಂಗಳು ಅದರಲ್ಲೇ ಬಾರಿಸಿ. ನೂರು ಆಂಪ್ ತಿರುವಿ ನೋಡ್ತಾ ಕೂತರೆ ರಾತ್ರಿ ಕಳೀತದೆ, ಬೆರಳು ಮಾತ್ರ ಇದ್ದಲ್ಲೇ ಇರ್ತಾವೆ.