17 ಅಂಗುಲದ ಲ್ಯಾಂಕಾಸ್ಟರ್

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಗರಗಳ ಮೇಲೆ ರಾತ್ರಿಹೊತ್ತು ಬಾಂಬು ಸುರಿದ ಬ್ರಿಟಿಷರ ಲ್ಯಾಂಕಾಸ್ಟರ್ ವಿಮಾನವು ಇಂದು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ದೊರೆಯುತ್ತದೆ. ಎಪ್ಪತ್ತೆರಡರಲ್ಲೊಂದು ಪಾಲಿನ ಪ್ರಮಾಣದಲ್ಲಿ ಅಂಟಿಸಿ ನಿಲ್ಲಿಸಿದರೆ 102 ಅಡಿಯ ರೆಕ್ಕೆಯ ಹರವು 17 ಅಂಗುಲಕ್ಕಿಳಿಯುತ್ತದೆ. ಆರಡಿಯ ಆಳು ಒಂದಂಗುಲವಾಗುತ್ತಾನೆ. ಈ ಕೈಗೆಲಸವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಯುದ್ಧಕಾಲದಲ್ಲಿ ಇದೇ ಪ್ರಮಾಣದ ಮಾದರಿಗಳನ್ನು ತೋರಿಸಿ, ಆಕಾಶವನ್ನು ಕಾಯುವವರಿಗೆ ಮಿತ್ರನ ವಿಮಾನವಾವುದು, ಶತ್ರುವಿನದಾವುದು ಎಂಬುದನ್ನು ಕಲಿಸುತ್ತಿದ್ದರಷ್ಟೆ.

ಆದರೆ ಪೆಟ್ಟಿಗೆಯೊಡನೆ ಬರುವ ಸೂಚನಾಪತ್ರವು ಸಾಮಾನ್ಯವಾಗಿ ಹೇಳುವುದೇನು? ನಾಲ್ಕು ಎಂಜಿನು, ವೇಗ, ಬಾಂಬಿನ ಭಾರ. 1943ರ ಮೇ ತಿಂಗಳಲ್ಲಿ ರೂರ್ ಪ್ರಾಂತದ ಅಣೆಕಟ್ಟುಗಳನ್ನೊಡೆದ ಸಾಹಸ. ಆ ರಾತ್ರಿ ಹೊರಟ 19 ವಿಮಾನಗಳಲ್ಲಿ 8 ಹಿಂದಿರುಗಲಿಲ್ಲ. 53 ಮಂದಿ ವೈಮಾನಿಕರು ಮಡಿದರು. ಒಡೆದ ಕಟ್ಟೆಯ ನೀರಿಗೆ ಸಿಕ್ಕಿ ಸತ್ತವರಲ್ಲಿ, ಜರ್ಮನರು ಸೋವಿಯೆತ್ ದೇಶದಿಂದ ಬಲಾತ್ಕಾರವಾಗಿ ದುಡಿಮೆಗೆ ಎಳೆತಂದಿದ್ದ ನೂರಾರು ಹೆಂಗಸರಿದ್ದರು. ಯಾರನ್ನು ಬಿಡಿಸಲು ಯುದ್ಧ ನಡೆದಿತ್ತೋ ಅವರೇ ಆ ನೀರಿನಲ್ಲಿ ಮುಳುಗಿದರು!

ವಿಮಾನದೊಳಗಿನ ಏಳು ಮಂದಿಗಾದರೂ ಅಂಗುಲದ ಲೆಕ್ಕದಲ್ಲಿ ಒಂದು ಆಕಾರವುಂಟು. ಕೆಳಗಿದ್ದವರಿಗೆ ಪೆಟ್ಟಿಗೆಯಲ್ಲಿ ಸ್ಥಳವೇ ಇಲ್ಲ. 1943ರ ಜುಲೈಯಲ್ಲಿ ಹ್ಯಾಂಬರ್ಗಿನಲ್ಲಿ 30,000ಕ್ಕೂ ಮಿಕ್ಕು ಜನ, 1945ರ ಫೆಬ್ರವರಿಯಲ್ಲಿ ಡ್ರೆಸ್ಡನ್ನಿನಲ್ಲಿ ಸುಮಾರು 25,000 ಜನ ಬೆಂಕಿಗೆ ಆಹುತಿಯಾದರು. ಅದೇ ವರ್ಷದ ಮಾರ್ಚಿಯಲ್ಲಿ ಚರ್ಚಿಲ್ಲರೇ ಇಂತಹ ದಾಳಿಗಳ ಔಚಿತ್ಯವನ್ನು ಶಂಕಿಸಿ ತಮ್ಮ ಸೇನಾಧಿಪತಿಗಳಿಗೆ ಬರೆದರು. ವಾರ್ಸಾ, ರಾಟರ್ಡ್ಯಾಮ್, ಕವೆಂಟ್ರಿಗಳನ್ನು ಮೊದಲು ಸುಟ್ಟವರು ನಾಜಿಗಳೆಂಬುದನ್ನು ನಾವು ಮರೆತಿಲ್ಲ. ಬಾಂಬರ್ ಕಮಾಂಡಿನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಪ್ರಾಣ ತೆತ್ತರೆಂಬುದನ್ನೂ ಮರೆತಿಲ್ಲ. ಅವರಲ್ಲಿ ಬಹುಮಂದಿ ಮೀಸೆ ಚಿಗುರಿದ ಹುಡುಗರು. ಆ ಸಂಖ್ಯೆಯನ್ನೂ ಸೂಚನಾಪತ್ರವು ಹೇಳುವುದಿಲ್ಲವೆಂಬುದೇ ನಮ್ಮ ಆಕ್ಷೇಪ.

ಬ್ರಿಟಿಷರು ಈ ವಿಷಯದಲ್ಲಿ ದಾರಿ ತೋರಿಸಿಲ್ಲವೆಂದು ಹೇಳಲಾಗದು. 2012ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಈ ವೈಮಾನಿಕರಿಗಾಗಿ ಸ್ಮಾರಕವೆದ್ದಾಗ, 1939–45ರ ಬಾಂಬುದಾಳಿಗಳಲ್ಲಿ ಜೀವ ಕಳೆದುಕೊಂಡ ಸಕಲ ದೇಶಗಳ ಜನರನ್ನೂ ಅದರ ಕಲ್ಲಿನ ಮೇಲೆ ಸ್ಮರಿಸಿದರು. ಕಲ್ಲಿನ ಮೇಲೆ ಕೊರೆದದ್ದನ್ನು ಕಾಗದದ ಮೇಲೆ ಅಚ್ಚುಹಾಕಲು ಏನಡ್ಡಿ? ನಾಲ್ಕು ಪಂಕ್ತಿ ಸಾಕು. ರೆಕ್ಕೆಗೆ ಬಳಿದ ಬಣ್ಣ ಒಣಗುವಷ್ಟರಲ್ಲಿ ಹುಡುಗರು ಅದನ್ನು ಓದಿ ಮುಗಿಸಿಯಾರು.